ಡಿಜಿಟಲ್ ವಿಸಿಟಿಂಗ್ ಕಾರ್ಡ್ ಯಾವ್ದು ತಗೊಳ್ಳೋದು?

ಪೀಣ್ಯ_ಹುಡುಗ:
ನಮ್ದು ಸಣ್ಣ ಸಿಎನ್‌ಸಿ ವರ್ಕ್‌ಶಾಪ್, ಮುಂದಿನ ತಿಂಗ್ಳು ತುಮಕೂರು ರೋಡ್ ಬಿಐಇಸಿಲಿ ಎಕ್ಸಿಬಿಷನ್‌ಗೆ ನಾಲ್ಕು ಜನ ಹೋಗ್ತಿದೀವಿ, ಪೇಪರ್ ಕಾರ್ಡ್ ಬದ್ಲು ಟ್ಯಾಪ್ ಮಾಡೋ ಎನ್‌ಎಫ್‌ಸಿ ಕಾರ್ಡ್ (ಫೋನಿಗೆ ತಾಗ್ಸಿದ್ರೆ ನಮ್ ವಿವರ ಓಪನ್ ಆಗೋ ಚಿಪ್ ಇರೋದು) ಮಾಡ್ಸೋಣ ಅಂತ. ಹೈಹಲೋ, ಬ್ಲಿಂಕ್, ಪಾಪ್‌ಲ್ ಅಂತೆಲ್ಲ ಡಿಜಿಟಲ್ ಕಾರ್ಡ್ ಆ್ಯಪ್ ಹೇಳ್ತಾರೆ, ವರ್ಷಾ ವರ್ಷ ದುಡ್ಡು ಕಟ್ಟೋವಷ್ಟು ಇದ್ಯಾ ಅದ್ರಲ್ಲಿ?

ಕರೆಂಟ್_ಮೇಷ್ಟ್ರು:
ಬರೀ ಟ್ಯಾಪ್ ನಂಬ್ಕೋಬೇಡಿ ಗುರು. ಕಮ್ಮಿ ರೇಟಿನ ಆಂಡ್ರಾಯ್ಡ್ ಫೋನ್ ಎಷ್ಟೋ ಮಾಡೆಲ್‌ಗಳಲ್ಲಿ ಎನ್‌ಎಫ್‌ಸಿನೇ ಇರಲ್ಲ, ಐಫೋನ್ ಅಂದ್ರೂ 2018ರ ಎಕ್ಸ್‌ಎಸ್, ಎಕ್ಸ್‌ಆರ್ ಇಂದೀಚೆಗಿನವೇ ಆ್ಯಪ್ ಓಪನ್ ಮಾಡ್ದೆ ಓದೋದು. ಕಾರ್ಡ್ ಹಿಂದ್ಗಡೆ ಕ್ಯೂಆರ್ ಇರ್ಲೇಬೇಕು. ಅದ್ರಲ್ಲೂ ಸ್ಟ್ಯಾಟಿಕ್ ಕ್ಯೂಆರ್ ಆದ್ರೆ ನಂಬರ್, ಹೆಸ್ರು ಎಲ್ಲ ಕೋಡ್ ಒಳಗೇ ಇರುತ್ತೆ, ನೆಟ್ ಇಲ್ದಿದ್ರೂ ಸೇವ್ ಆಗುತ್ತೆ, ನಂಬರ್ ಬದ್ಲಾದ್ರೆ ಮಾತ್ರ ಮತ್ತೆ ಪ್ರಿಂಟ್ ಹಾಕ್ಸಬೇಕು. ಡೈನಾಮಿಕ್ ಆದ್ರೆ ಯಾವಾಗ ಬೇಕಾದ್ರೂ ಎಡಿಟ್ ಮಾಡ್ಬೋದು, ಆದ್ರೆ ಲಿಂಕ್ ಹೋಗೋದು ಆ ಆ್ಯಪ್ ಕಂಪ್ನಿಯವ್ರ ಸರ್ವರ್ ಮೇಲೆ, ನೀವು ಪ್ಲಾನ್ ನಿಲ್ಸಿದ್ಮೇಲೆ ಅದು ಓಡುತ್ತೋ ಇಲ್ವೋ ಅಂತ ದುಡ್ಡು ಕಟ್ಟೋಕ್ಮುಂಚೆ ಕೇಳ್ಕೊಳ್ಳಿ.

ಸುಮ್ನೆ_ಓದೋನು:
ನಾಲ್ಕೇ ಜನಕ್ಕೆ ಪ್ಲಾನ್ ಯಾಕ್ರೀ? ಸ್ವಂತ ಡೊಮೇನ್ (ವೆಬ್‌ಸೈಟ್ ವಿಳಾಸ) ತಗೊಂಡು ಒಬ್ಬೊಬ್ರಿಗೆ ಒಂದೊಂದು ಪೇಜ್ ಮಾಡಿ, ಎನ್‌ಟ್ಯಾಗ್213 ಅನ್ನೋ ಎನ್‌ಎಫ್‌ಸಿ ಚಿಪ್ ಇರೋ ಖಾಲಿ ಕಾರ್ಡಿಗೆ ಆ ಲಿಂಕ್ ಬರೀರಿ, 144 ಬೈಟ್ ಜಾಗ ಅಷ್ಟೇ, ಫೋಟೋ ಹಿಡ್ಸಲ್ಲ, ಲಿಂಕಿಗೆ ಧಾರಾಳ. ಬರ್ದಾದ್ಮೇಲೆ ಲಾಕ್ ಮಾಡಿ, ಇಲ್ಲಾಂದ್ರೆ ಯಾರ್ ಬೇಕಾದ್ರೂ ಅದ್ರ ಮೇಲೆ ಬೇರೆ ಲಿಂಕ್ ಬರೀಬೋದು.

ಪೀಣ್ಯ_ಹುಡುಗ:
ಸೇಲ್ಸ್ ಹುಡುಗ ಕೆಲ್ಸ ಬಿಟ್ರೆ?

ಸುಮ್ನೆ_ಓದೋನು:
ಪೇಜಲ್ಲಿ ಹೆಸ್ರು ನಂಬರ್ ಚೇಂಜ್ ಮಾಡಿ ಹೊಸಬ್ರಿಗೆ ಅದೇ ಕಾರ್ಡ್ ಕೊಡಿ. ಹಾಗಾಗಿ ಕಾರ್ಡ್ ಮೇಲೆ ಕಂಪ್ನಿ ಹೆಸ್ರು ಮಾತ್ರ ಪ್ರಿಂಟ್ ಮಾಡ್ಸಿ.