ತಪ್ಪುಕಾಣಿಕೆ ಕಟ್ಟಿಟ್ಟರೂ ಹೆದರಿಕೆ ಹೋಗುವುದಿಲ್ಲ, ಯಾವ ಪುಸ್ತಕ ಓದಲಿ?

ಪ್ರಶ್ನೆ (ಹೆಸರು ಬೇಡ, ಬದಿಯಡ್ಕ ಕಡೆಯವಳು): ಮೇಡಂ, ನನಗೆ 27. ಮಂಗಳೂರಲ್ಲಿ ಕೆಲಸ. ಅಪ್ಪ ಮಡಿ-ನೇಮದಲ್ಲಿ ಭಾರೀ ಕಟ್ಟುನಿಟ್ಟು. ಸಣ್ಣವಳಿದ್ದಾಗ, ಮುಟ್ಟಾದದ್ದು ಗೊತ್ತಾಗದೆ ನಾಗಬನದ ದಾರಿಯಲ್ಲಿ ಹೋಗಿದ್ದೆ. ಅದೇ ವಾರ ಅಜ್ಜನಿಗೆ ಸರ್ಪಸುತ್ತು ಎದ್ದಿತು. "ಇವಳಿಂದಲೇ" ಎಂದರು. ಈಗಲೂ ಮನೆಯಲ್ಲಿ ಯಾರಿಗೆ ಜ್ವರ ಬಂದರೂ ಅರಸಿನ ಬಟ್ಟೆಯಲ್ಲಿ ಒಂದು ರೂಪಾಯಿ ತಪ್ಪುಕಾಣಿಕೆ ಕಟ್ಟಿಡುತ್ತೇನೆ. ಗಂಟು ಸರಿಯಾಗಲಿಲ್ಲವೇನೋ ಅಂತ ಬಿಚ್ಚಿ ಮತ್ತೆ ಕಟ್ಟುತ್ತೇನೆ. ದೇವರೇ ಬೇಡ ಅಂತಲ್ಲ. ಧರ್ಮ, ನಾವು ಬೆಳೆದ ರೀತಿ, ಇದರ ಬಗ್ಗೆ ಯಾವ ಪುಸ್ತಕ ಓದಿದರೆ ಇದು ಬಿಟ್ಟುಹೋದೀತು?

ಉತ್ತರ (ಕ್ಲಿನಿಕಲ್ ಸೈಕಾಲಜಿಸ್ಟ್, ಕಾಸರಗೋಡು): ಸರ್ಪಸುತ್ತು ಬರುವುದು ಚಿಕನ್‌ಪಾಕ್ಸ್ (ಸೀತಾಳೆ ಸಿಡುಬು) ತರುವ ಅದೇ ವೈರಸ್ಸಿನಿಂದ. ಒಮ್ಮೆ ಬಂದುಹೋದ ಮೇಲೂ ಅದು ನರದೊಳಗೆ ಅಡಗಿರುತ್ತದೆ, ಪ್ರಾಯವಾದಾಗ ಮತ್ತೆ ಏಳಬಹುದು. ನೀವು ನಡೆದ ದಾರಿಗೂ ಅದಕ್ಕೂ ಸಂಬಂಧವಿಲ್ಲ. ಇದನ್ನು ಒಮ್ಮೆ ಹೇಳಿದ್ದೇನೆ, ನಾಳೆ ಮತ್ತೆ ಕೇಳಿದರೆ ಹೇಳುವುದಿಲ್ಲ. ಯಾಕೆಂದರೆ "ನನ್ನ ತಪ್ಪಲ್ಲ ತಾನೇ?" ಎಂದು ಕೇಳಿ ಕೇಳಿ ಸಮಾಧಾನ ಪಡೆಯುವುದೂ ಗಂಟು ಬಿಚ್ಚಿ ಕಟ್ಟುವುದರ ಜಾತಿಯದೇ. ಪುಸ್ತಕವನ್ನೂ ಅದಕ್ಕಾಗಿಯೇ ಓದಿದರೆ ಹೆದರಿಕೆ ಇನ್ನಷ್ಟು ಬೇರುಬಿಡುತ್ತದೆ.

ಹಾಗಾಗಿ ವಾದದ ಪುಸ್ತಕ ಸದ್ಯ ಬೇಡ, ಕಾದಂಬರಿ ಓದಿ. ಅನಂತಮೂರ್ತಿಯವರ 'ಸಂಸ್ಕಾರ'ದಲ್ಲಿ (1965) ನಾರಣಪ್ಪನ ಹೆಣ ಸಂಸ್ಕಾರವಾಗದೆ ಬಿದ್ದಿರುವಾಗ, ಅದನ್ನು ಯಾರು ಮಾಡಬೇಕೆಂಬುದಕ್ಕೆ ಉತ್ತರ ಹುಡುಕಿ ಪ್ರಾಣೇಶಾಚಾರ್ಯರು ಓಲೆಗರಿ ಮಗುಚುತ್ತಾ ಕೂರುತ್ತಾರೆ. ಅಲ್ಲಿ ಸಿಗದೆ ಮಾರುತಿಯ ಗುಡಿಗೆ ಹೋಗಿ ಪ್ರಸಾದಕ್ಕೆ ಕಾಯುತ್ತಾರೆ. ಅಲ್ಲೂ ಉತ್ತರವಿಲ್ಲ. ಆ ಪುಟಗಳಲ್ಲಿ ನಿಮಗೆ ನಿಮ್ಮದೇ ಪರಿಚಯವಾದೀತು. ಕಾರಂತರ 'ಮೂಕಜ್ಜಿಯ ಕನಸುಗಳು' (1968) ಬೇರೆ ತರಹ: ಬಾಲ್ಯದಲ್ಲೇ ವಿಧವೆಯಾದ ಅಜ್ಜಿ ಮೊಮ್ಮಗನ ಹತ್ತಿರ ದೇವರ ವಿಷಯ ಹೆದರಿಕೆಯಿಲ್ಲದೆ ಮಾತಾಡುತ್ತಾಳೆ. ನನಗೆ ಇದೇ ಹೆಚ್ಚು ಇಷ್ಟ. ನಮ್ಮೂರಲ್ಲೇ ಹುಟ್ಟಿದ ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ತುಂಬ ನೋವಿನ ಕಥೆ, ಮನಸ್ಸು ಗಟ್ಟಿ ಇರುವ ದಿನ ಓದಿ.

ನಿಮ್ಮನ್ನು ನೋಡದೆ ಇದು ಓಸಿಡಿ (ಬೇಡದ ಯೋಚನೆ ಮತ್ತೆ ಮತ್ತೆ ಬಂದು, ಹೆದರಿಕೆ ತಗ್ಗಿಸಲು ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಕಾಯಿಲೆ) ಎಂದು ಬರೆದುಕೊಡಲಾರೆ, ಆದರೆ ಸಂಶಯವಿದೆ. ಅದಕ್ಕೆ ಚಿಕಿತ್ಸೆ ಉಂಟು: ಗಂಟು ಒಮ್ಮೆ ಕಟ್ಟಿ, ಬಿಚ್ಚದೆ ಕೂರುವುದು. ಹೆದರಿಕೆ ಏರುತ್ತದೆ, ಏರಿದ್ದು ತಾನಾಗಿ ಇಳಿಯುತ್ತದೆ. ಇದನ್ನು ತರಬೇತಿ ಇದ್ದವರ ಜೊತೆ ಹಂತಹಂತವಾಗಿ ಮಾಡಬೇಕು. ಬೇಕಿದ್ದರೆ ಮಾತ್ರೆಯೂ ಇದೆ.

ಇನ್ನೊಬ್ಬ ಓದುಗರು: ಇಂಥ ಪುಸ್ತಕ ಓದಿಸಿಯೇ ಮಕ್ಕಳು ದೀಪ ಹಚ್ಚುವುದನ್ನು ಬಿಡುವುದು ಮೇಡಂ.

ಉತ್ತರ: ದೀಪ ಬಿಡಿ ಅಂತ ನಾನೆಲ್ಲೂ ಹೇಳಲಿಲ್ಲ ಮಾರಾಯ್ರೆ. ಭಕ್ತಿಯಿಂದ ಹಚ್ಚುವುದಕ್ಕೂ, ಹಚ್ಚದಿದ್ದರೆ ಅಮ್ಮ ಸಾಯುತ್ತಾಳೆಂದು ಹಚ್ಚುವುದಕ್ಕೂ ವ್ಯತ್ಯಾಸ ಇಲ್ಲವೇ?

ಪ್ರಶ್ನೆ ಕೇಳಿದವಳು: ಮೂಕಜ್ಜಿಯನ್ನು ಅಪ್ಪನಿಗೂ ಕೊಡಲೇ?

ಉತ್ತರ: ಈಗ ಬೇಡ. ಪುಸ್ತಕ ಕೈಗಿಟ್ಟರೆ ಅವರಿಗದು ತೀರ್ಪಿನ ಹಾಗೆ ಕಾಣುತ್ತದೆ. ಊಟವಾಗಿ ಜಗಲಿಯಲ್ಲಿ ಎಲೆ-ಅಡಿಕೆ ಹಾಕುವ ಹೊತ್ತಿಗೆ, "ಅಪ್ಪಾ, ಸಣ್ಣವನಿದ್ದಾಗ ನಿನಗೆ ಯಾವುದರ ಹೆದರಿಕೆ ಇತ್ತು?" ಎಂದು ಕೇಳಿ ನೋಡಿ. ಚಿಕಿತ್ಸೆಗೆ ಮಾತ್ರ ಅವರ ಒಪ್ಪಿಗೆ ಕಾಯಬೇಡಿ. ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಕರೆ ಉಚಿತ, ರಾತ್ರಿಯೂ ಎತ್ತುತ್ತಾರೆ.