‘ಮೆಸ್ಮರೈಸ್’ ಪದ ಎಲ್ಲಿಂದ ಬಂತು, ಬಳಸೋದು ಹೇಗೆ?

ಪ್ರಶ್ನೆ (ಚಿತ್ರದುರ್ಗ): ಕೋಟೆ ನೋಡಿ ಮೈಮರೆತೆ ಅನ್ನೋದಕ್ಕೆ ‘ಐ ವಾಸ್ ಮೆಸ್ಮರೈಸಿಂಗ್’ ಸರಿಯಾ? ಪದದ ಮೂಲ ಏನು?

ಉತ್ತರ: ತಪ್ಪು ಸರ್. ಮರುಳು ಮಾಡುವುದು ‘ಮೆಸ್ಮರೈಸಿಂಗ್’, ಮರುಳಾದವರು ‘ಮೆಸ್ಮರೈಸ್ಡ್’. ‘ಐ ವಾಸ್ ಮೆಸ್ಮರೈಸ್ಡ್ ಬೈ ದಿ ಫೋರ್ಟ್’ ಅಂತ ಬರೀರಿ.

ಉತ್ತರ: ಮೂಲ ಒಬ್ಬ ವೈದ್ಯರ ಹೆಸರು, ಫ್ರಾಂಜ್ ಆಂಟನ್ ಮೆಸ್ಮರ್ (1734–1815). ದೇಹದಲ್ಲಿ ಕಾಣದ ಕಾಂತಶಕ್ತಿ ಹರಿಯುತ್ತದೆ, ಅದಕ್ಕೆ ಅಡ್ಡಿಯಾದರೆ ರೋಗ ಬರುತ್ತದೆ ಎಂಬುದು ಅವರ ವಾದ. 1784ರಲ್ಲಿ ಪ್ಯಾರಿಸ್‌ನಲ್ಲಿ ವಿಜ್ಞಾನಿಗಳಾದ ಬೆಂಜಮಿನ್ ಫ್ರಾಂಕ್ಲಿನ್, ಲವಾಸಿಯೆ ಇದ್ದ, ಫ್ರಾನ್ಸ್‌ನ ರಾಜ ನೇಮಿಸಿದ ಸಮಿತಿ ಪರೀಕ್ಷೆ ನಡೆಸಿ, ಅಂಥ ಶಕ್ತಿಯೇ ಇಲ್ಲ, ಎಲ್ಲ ಕಲ್ಪನೆಯ ಪರಿಣಾಮ ಎಂದಿತು. ಪದ ಮಾತ್ರ ಉಳಿಯಿತು: ಮೊದಲು ಸಮ್ಮೋಹನ ವಿದ್ಯೆಗೆ, ಆಮೇಲೆ ಮನಸೆಳೆಯುವ ಯಾವುದಕ್ಕೂ.

ಉತ್ತರ (ದಾವಣಗೆರೆ): ಎಲ್ಲದಕ್ಕೂ ಹಚ್ಚಬೇಡಿ. ಬೆಣ್ಣೆದೋಸೆಗೆ ‘ಡಿಲಿಶಸ್’ ಸಾಕು. ಕಣ್ಣು ಕೀಳಲಾಗದ ನೋಟ, ಹಾಡು, ಮಾತಿಗೇ ಇದು ಒಪ್ಪುತ್ತೆ.