ರಸ್ಟ್‌ನಲ್ಲಿ ಬೆಳೆದುಹೋದ ಒಂದೇ ಕಡತ: ಮಾಡ್ಯೂಲ್ ಸಾಕೇ, ಬೇರೆ ಕ್ರೇಟ್ ಬೇಕೇ?

ಪ್ರಶ್ನೆ (ಮೂಡಿಗೆರೆಯಿಂದ):
ಕೊಯ್ಲಿನ ದಿನಗಳಲ್ಲಿ ಪ್ರತಿಯೊಬ್ಬರೂ ಬಿಡಿಸಿದ ಕಾಫಿ ಹಣ್ಣನ್ನು ಸಂಜೆ ತೂಗಿ, ಕಿಲೋ ಲೆಕ್ಕದಲ್ಲಿ ಕೂಲಿ ಬರೆಯುವ ಪ್ರೋಗ್ರಾಮೊಂದನ್ನು ನಮ್ಮ ತೋಟಕ್ಕಾಗಿ ರಸ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದಿದ್ದೇನೆ. ಪ್ರೋಗ್ರಾಮ್ ಶುರುವಾಗುವ ಮೇನ್.ಆರ್‌ಎಸ್ ಕಡತ ಈಗ 3,000 ಸಾಲು ದಾಟಿರುವುದರಿಂದ, ತೂಕದ ಭಾಗವನ್ನು ಸ್ಕೇಲ್.ಆರ್‌ಎಸ್‌ಗೂ ಕೂಲಿಯ ಭಾಗವನ್ನು ಕೂಲಿ.ಆರ್‌ಎಸ್‌ಗೂ ಸಾಗಿಸಿ, ಎರಡು ಮಾಡ್ಯೂಲ್ (ಕೋಡಿನ ಹೆಸರಿಟ್ಟ ಭಾಗ) ಮಾಡಿದೆ. ಕೂಲಿಗೆ ತೂಕ ಬೇಕಲ್ಲವೇ ಎಂದು ಕೂಲಿ.ಆರ್‌ಎಸ್‌ನ ಮೊದಲ ಸಾಲಿನಲ್ಲಿಯೂ ‘ಮಾಡ್ ಸ್ಕೇಲ್’ ಎಂದು ಬರೆದರೆ, ಕಡತ ಪಕ್ಕದಲ್ಲೇ ಇದ್ದರೂ ಸಿಗುತ್ತಿಲ್ಲವೆಂದು ಕಂಪೈಲರ್ (ಕೋಡನ್ನು ಯಂತ್ರ ಓಡಿಸಬಲ್ಲ ರೂಪಕ್ಕೆ ತರುವ ಪ್ರೋಗ್ರಾಮ್) ಇ0583 ದೋಷ ತೋರಿಸುತ್ತಿದೆ. ಮುಂದೆ ತಕ್ಕಡಿಯೊಳಗಿನ ಮೈಕ್ರೋಕಂಟ್ರೋಲರ್ ಎಂಬ ಪುಟ್ಟ ಕಂಪ್ಯೂಟರ್ ಚಿಪ್‌ಗೂ ಇದೇ ತೂಕದ ಕೋಡ್ ಬಳಸುವ ಇರಾದೆಯಿದೆ. ಹಾಗಾದರೆ ಈಗಲೇ ಬೇರೆ ಕ್ರೇಟ್ (ಒಟ್ಟಾಗಿ ಕಂಪೈಲ್ ಆಗುವ ಕೋಡಿನ ಘಟಕ) ಮಾಡಬೇಕೇ?

ಉತ್ತರ (ಹಾಸನದಿಂದ):
ತಾವು ಸಿ ಭಾಷೆಯಿಂದ ಬಂದವರಿರಬೇಕು. ಅಲ್ಲಿ ಬೇಕಾದ ಕಡೆಯಲ್ಲೆಲ್ಲ ಹೆಡರ್ ಕಡತ ಸೇರಿಸುವ ಅಭ್ಯಾಸ ನನ್ನನ್ನೂ ಹೀಗೆಯೇ ಸತಾಯಿಸಿತ್ತು. ‘ಮಾಡ್’ ಎಂಬುದು ಇನ್ನೊಂದು ಕಡತವನ್ನು ಕರೆತರುವ ಮಾತಲ್ಲ, ಮಾಡ್ಯೂಲ್‌ಗಳ ಮರದಲ್ಲಿ ಈ ಜಾಗದಿಂದ ಹೊಸ ಕೊಂಬೆ ಹೊರಡುತ್ತದೆ ಎಂಬ ಘೋಷಣೆ. ಆದ್ದರಿಂದ ಅದನ್ನು ಕೂಲಿ.ಆರ್‌ಎಸ್‌ನಲ್ಲಿ ಬರೆದಾಗ ಕಂಪೈಲರ್ ಕೂಲಿ ಎಂಬ ಫೋಲ್ಡರ್‌ನೊಳಗೆ ಸ್ಕೇಲ್ ಕಡತವನ್ನು ಹುಡುಕುತ್ತದೆ, ಪಕ್ಕಕ್ಕೆ ಇಣುಕಿಯೂ ನೋಡುವುದಿಲ್ಲ. ಎರಡು ಮಾಡ್ಯೂಲ್‌ಗಳನ್ನೂ ಮೇನ್.ಆರ್‌ಎಸ್‌ನಲ್ಲಿ ಒಮ್ಮೆ ಮಾತ್ರ ಘೋಷಿಸಿ, ಕೂಲಿಯ ಒಳಗೆ ‘ಯೂಸ್ ಕ್ರೇಟ್::ಸ್ಕೇಲ್’ ಎಂದು ಬರೆಯಿರಿ. ಒಳ ಮಾಡ್ಯೂಲ್‌ಗಳಿರುವ ಫೋಲ್ಡರ್‌ಗೆ ಮಾಡ್.ಆರ್‌ಎಸ್ ಕಡತ ಬೇಕೆನ್ನುವ ಹಳೆಯ ಪಾಠಗಳು ಕಣ್ಣಿಗೆ ಬಿದ್ದರೆ, ರಸ್ಟ್‌ನ 2018ರ ಎಡಿಷನ್‌ನಿಂದ ಅದು ಕಡ್ಡಾಯವಲ್ಲವೆಂದು ನೆನಪಿಡಿ.

ಉತ್ತರ (ಚಿಕ್ಕಮಗಳೂರಿನಿಂದ):
ಮೈಕ್ರೋಕಂಟ್ರೋಲರ್ ವಿಚಾರ ಬಂದುದರಿಂದ ನಾನು ಕ್ರೇಟ್ ಪರ. ಕಂಪೈಲರ್ ಒಮ್ಮೆಗೆ ಕೈಗೆತ್ತಿಕೊಳ್ಳುವ ಘಟಕವೇ ಕ್ರೇಟ್; ಕ್ರೇಟ್‌ಗಳನ್ನು ಕಟ್ಟಿಡುವ ಒಂದು ಪ್ಯಾಕೇಜಿನಲ್ಲಿ ಬೈನರಿ ಕ್ರೇಟ್‌ಗಳು (ಓಡಿಸುವ ಪ್ರೋಗ್ರಾಮ್‌ಗಳು) ಎಷ್ಟಾದರೂ ಇರಬಹುದು, ಲೈಬ್ರರಿ ಕ್ರೇಟ್ (ಇತರ ಕೋಡ್ ಬಳಸಿಕೊಳ್ಳುವಂಥದ್ದು) ಮಾತ್ರ ಒಂದೇ. ತೂಕದ ಕೋಡನ್ನು ‘ನೋ ಎಸ್‌ಟಿಡಿ’ (ರಸ್ಟ್‌ನ ಸ್ಟ್ಯಾಂಡರ್ಡ್ ಲೈಬ್ರರಿಯಾದ ‘ಎಸ್‌ಟಿಡಿ’ ಬಳಸದ) ಲೈಬ್ರರಿಯಾಗಿ ಬೇರೆ ಪ್ಯಾಕೇಜಿಗೆ ಹಾಕಿ, ಕಚೇರಿಯ ಪ್ರೋಗ್ರಾಮನ್ನೂ ತಕ್ಕಡಿಯ ಪ್ರೋಗ್ರಾಮನ್ನೂ ಅದರೊಂದಿಗೆ ಒಂದು ವರ್ಕ್‌ಸ್ಪೇಸ್‌ಗೆ (ಪ್ಯಾಕೇಜುಗಳ ಗುಂಪಿಗೆ) ಸೇರಿಸಿದರೆ, ಮೂರಕ್ಕೂ ರಸ್ಟ್‌ನ ಬಿಲ್ಡ್ ಸಾಧನವಾದ ಕಾರ್ಗೋ ಇಡುವ ಕಾರ್ಗೋ.ಲಾಕ್ ಕಡತ ಒಂದೇ ಇರುವುದರಿಂದ ಅವಲಂಬನೆಗಳ (ಬಳಸಿಕೊಂಡ ಇತರ ಕ್ರೇಟ್‌ಗಳ) ಆವೃತ್ತಿಗಳೂ ಒಂದೇ ಕಡೆ ನಿಗದಿಯಾಗುತ್ತವೆ. ಆದರೆ ಎಲ್ಲವನ್ನೂ ಒಟ್ಟಿಗೆ ಬಿಲ್ಡ್ ಮಾಡಬೇಡಿ: ಎರಡೂ ಪ್ರೋಗ್ರಾಮ್‌ಗಳು ಬಳಸುವ ಅವಲಂಬನೆಯ ಫೀಚರ್‌ಗಳನ್ನು (ಬೇಕೆಂದಾಗ ಸೇರಿಸುವ ಐಚ್ಛಿಕ ಭಾಗಗಳನ್ನು) ಕಾರ್ಗೋ ಒಗ್ಗೂಡಿಸುವುದರಿಂದ, ಕಚೇರಿಯ ಕಡೆ ‘ಎಸ್‌ಟಿಡಿ’ ಕೇಳಿದ್ದು ತಕ್ಕಡಿಗೂ ಅಂಟಿಕೊಳ್ಳಬಹುದು.
ಒಂದೇ ಕ್ರೇಟ್‌ನ ಮಾಡ್ಯೂಲ್‌ಗಳು ಪರಸ್ಪರ ಒಂದನ್ನೊಂದು ಬಳಸಬಹುದು, ಆದರೆ ಎರಡು ಕ್ರೇಟ್‌ಗಳು ಹಾಗೆ ಸುತ್ತುಹಾಕಿಕೊಂಡರೆ ಕಾರ್ಗೋ ಒಪ್ಪುವುದಿಲ್ಲ. ಒಡೆಯುವ ಮೊದಲು ಸ್ಕೇಲ್ ಎಲ್ಲಿಯಾದರೂ ಕೂಲಿಯ ಕಡೆಗೆ ಕೈಚಾಚಿದೆಯೇ ಎಂದು ನೋಡಿಕೊಳ್ಳಿ.

ಉತ್ತರ (ಸಕಲೇಶಪುರದಿಂದ):
ಹಾರ್ಡ್‌ವೇರ್ ಕೈಗೆ ಬರುವ ಮೊದಲೇ ವರ್ಕ್‌ಸ್ಪೇಸ್ ಕಟ್ಟುವುದು ಆತುರವೆಂದು ನನ್ನ ಅಭಿಪ್ರಾಯ. ಸದ್ಯಕ್ಕೆ ಅದೇ ಪ್ಯಾಕೇಜಿನಲ್ಲಿ ಲಿಬ್.ಆರ್‌ಎಸ್ (ಲೈಬ್ರರಿ ಕ್ರೇಟ್‌ನ ಮೂಲ ಕಡತ) ಸೇರಿಸಿ, ಮಾಡ್ಯೂಲ್‌ಗಳನ್ನು ಅಲ್ಲಿ ಪಬ್ (ಹೊರಗಿನಿಂದಲೂ ಬಳಸಬಹುದಾದವು) ಆಗಿ ಘೋಷಿಸಿ, ಮೇನ್.ಆರ್‌ಎಸ್‌ನಿಂದ ಪ್ಯಾಕೇಜಿನ ಹೆಸರಿನ ಮೂಲಕ ಬಳಸಿ. ಎರಡೂ ಕಡೆ ‘ಮಾಡ್’ ಬರೆದರೆ ಅದೇ ಕೋಡ್ ಎರಡು ಕ್ರೇಟ್‌ಗಳಲ್ಲಿ ಎರಡು ಸಲ ಕಂಪೈಲ್ ಆಗಿ, ಒಂದೇ ಹೆಸರಿನ ಟೈಪ್‌ಗಳು (ದತ್ತಾಂಶದ ಬಗೆಗಳು) ಒಂದಕ್ಕೊಂದು ಹೊಂದುವುದಿಲ್ಲವೆಂಬ ವಿಚಿತ್ರ ದೋಷ ಎದುರಾಗುತ್ತದೆ.

ಪ್ರಶ್ನೆ ಕೇಳಿದವರು:
ಲಿಬ್.ಆರ್‌ಎಸ್ ದಾರಿ ಹಿಡಿದೆ, ಇ0583 ಹೋಯಿತು. ಚಿಕ್ಕಮಗಳೂರಿನವರ ಶಂಕೆಯೂ ನಿಜವಾಯಿತು: ತೂಕದ ದಾಖಲೆಯೊಳಗೆ ಕೆಲಸಗಾರರ ಹೆಸರಿಗಾಗಿ ಕೂಲಿಯ ಟೈಪನ್ನೇ ಬಳಸಿದ್ದೆ. ಅಲ್ಲಿ ಬರಿಯ ಸಂಖ್ಯೆಯನ್ನು ಇಟ್ಟು, ಹೆಸರು ಹೊಂದಿಸುವ ಕೆಲಸವನ್ನು ಕೂಲಿಯ ಕಡೆಗೆ ಸಾಗಿಸುತ್ತಿದ್ದೇನೆ.